ಮೀಟರಿನ ಕಣ್ಣಿಗೆ ನೀರು ಕಾಣದು

ಅರಸೀಕೆರೆ ಸೀಮೆಯಲ್ಲಿ ತೇವ ಎಂದರೆ ದುಡ್ಡಿನ ಲೆಕ್ಕ. ಬಲಿತ ತೆಂಗಿನಕಾಯಿ ಅಟ್ಟದ ಮೇಲೆ ಎಂಟು–ಹತ್ತು ತಿಂಗಳು ಕೂತು, ಒಳಗಿನ ನೀರೆಲ್ಲ ಬತ್ತಿ, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುವ ಹೊತ್ತಿಗೆ ಉಂಡೆ ಕೊಬ್ಬರಿ ಸಿದ್ಧ. ಹಸಿ ಕಾಯಿಯ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧ ತೂಕ ನೀರೇ ಇರುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಬರುವಷ್ಟರಲ್ಲಿ ಅದು ಶೇ. 7ರ ಮಟ್ಟಕ್ಕೆ ಇಳಿದಿರಬೇಕು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಲೆ ಕ್ವಿಂಟಲಿಗೆ ₹12,100. ಶೇ. 10 ತೇವವಿರುವ ಒಂದು ಕ್ವಿಂಟಲ್ ಕೊಬ್ಬರಿಯನ್ನು ಶೇ. 7ಕ್ಕೆ ಒಣಗಿಸಿದರೆ ತಕ್ಕಡಿಯಲ್ಲಿ ಉಳಿಯುವುದು 96.8 ಕೆ.ಜಿ. ಆರಿಹೋದದ್ದು ಮೂರು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು; ರೂಪಾಯಿ ಲೆಕ್ಕದಲ್ಲಿ ಸುಮಾರು 390. ಹಾಗೆಂದು ಒಣಗಿಸದೆ ಮೂಟೆ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರ ಕೂತರೆ ಅಫ್ಲಾಟಾಕ್ಸಿನ್ ಎಂಬ ವಿಷವೂ ಸೇರೀತು.

ಅಲ್ಲಿಂದ ಹಳೇಬೀಡು ದಾಟಿ ಬೇಲೂರಿಗೆ ಬಂದರೆ ಬೆಳೆ ಬದಲಾಗುತ್ತದೆ, ಚಿಂತೆ ಅದೇ. ಅರೇಹಳ್ಳಿ ಕಡೆಯ ತೋಟಗಳಲ್ಲಿ ಕಣದ ಮೇಲೆ ಹರವಿದ ಕಾಫಿ ಒಣಗಿತೋ ಇಲ್ಲವೋ ಎಂಬುದು ಅಲ್ಲಿನ ಪ್ರಶ್ನೆ. ಹಸಿರು ಕಾಫಿಬೀಜದ ತೇವ ಶೇ. 8ಕ್ಕಿಂತ ಕಡಿಮೆಯೂ ಇರಬಾರದು, 12.5ಕ್ಕಿಂತ ಹೆಚ್ಚೂ ಇರಬಾರದು ಎಂಬುದು ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯ ಮಾನದಂಡ. ಇನ್ನು ಬೇಲೂರಿನ ಮಗ್ಗುಲಲ್ಲೇ ಇರುವ ಯಗಚಿ ಜಲಾಶಯದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಬೋಟುಗಳು ಓಡುತ್ತವೆ. ಅಂಥದ್ದೊಂದು ಫೈಬರ್ ಬೋಟನ್ನು ಸೆಕೆಂಡ್ ಹ್ಯಾಂಡಿಗೆ ಕೊಳ್ಳಲು ಹೊರಟವರ ಕೈಗೂ ಕೊನೆಗೆ ಕೊಬ್ಬರಿ, ಕಾಫಿಯ ತೇವ ನೋಡುವ ಯಂತ್ರವೇ ಬರುತ್ತದೆ: ಅಂಗೈಯಗಲದ ಮಾಯಿಶ್ಚರ್ ಮೀಟರ್. ಕೊಬ್ಬರಿಗೆ ಇಟ್ಟಾಗ ಅದು 7 ಎಂದರೆ ಏಳೇ. ಬೋಟಿನ ತಳಕ್ಕೆ ಇಟ್ಟಾಗ ಅದು 20 ಎಂದರೆ ಇಪ್ಪತ್ತಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಬೋಟನ್ನು ಬಿಟ್ಟು ಬಂದವರೂ ಉಂಟು, ಕೊಳೆತದ್ದನ್ನು ಕೊಂಡು ತಂದವರೂ ಉಂಟು.

ಯಂತ್ರದ ಗುಟ್ಟು ಇಷ್ಟೇ: ಅದು ನೀರನ್ನು ಅಳೆಯುವುದೇ ಇಲ್ಲ. ಅಳೆಯುವುದು ವಿದ್ಯುತ್ತಿನ ನಡವಳಿಕೆಯನ್ನು.

ಈ ಮೀಟರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದಕ್ಕೆ ಸೂಜಿಯಂಥ ಎರಡು ಮೊಳೆಗಳಿರುತ್ತವೆ. ಅವನ್ನು ಚುಚ್ಚಿದರೆ ಒಂದರಿಂದ ಇನ್ನೊಂದಕ್ಕೆ ಅತಿ ಸಣ್ಣ ಪ್ರಮಾಣದ ಕರೆಂಟು ಹರಿಯುತ್ತದೆ. ಪೂರ್ತಿ ಒಣಗಿದ ಮರ ಕರೆಂಟನ್ನು ಬಿಡುವುದೇ ಇಲ್ಲ ಎನ್ನಬಹುದು. ನೀರು ಕುಡಿದಂತೆಲ್ಲ ಅದರ ರೋಧ ಕುಸಿಯುತ್ತ ಹೋಗುತ್ತದೆ. ಒಲೆಯಲ್ಲಿ ಒಣಗಿಸಿದ ಮರಕ್ಕೂ ನಾರಿನ ಗೋಡೆಗಳು ತುಂಬುವಷ್ಟು ನೀರು ಕುಡಿದ ಮರಕ್ಕೂ ನಡುವೆ ಈ ರೋಧದ ಅಂತರ ಹತ್ತು ಲಕ್ಷ ಪಟ್ಟಿಗೂ ಮೀರಿದ್ದು. ಅಷ್ಟು ದೊಡ್ಡ ಅಂತರ ಇರುವುದರಿಂದಲೇ ಅಗ್ಗದ ಮೀಟರೂ ಕೆಲಸಕ್ಕೆ ಬರುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕೊಬ್ಬರಿಗೆಂದೇ ರೂಪಿಸಿದ ಮೀಟರು ಇದೇ ತತ್ವದ್ದು.

ಎರಡನೆಯ ಬಗೆಗೆ ಮೊಳೆ ಇಲ್ಲ. ಬೆನ್ನಿಗೆ ಲೋಹದ ಅಥವಾ ರಬ್ಬರಿನ ಪಟ್ಟಿ ಇರುತ್ತದೆ, ಅದನ್ನು ವಸ್ತುವಿಗೆ ಒತ್ತಿ ಹಿಡಿದರೆ ಸಾಕು. ಯಂತ್ರ ಒಳಕ್ಕೆ ವಿದ್ಯುತ್ ಕ್ಷೇತ್ರವೊಂದನ್ನು ಚಾಚಿ, ವಸ್ತು ಅದನ್ನು ಎಷ್ಟು ಹೀರಿಟ್ಟುಕೊಳ್ಳುತ್ತದೆ ಎಂದು ನೋಡುತ್ತದೆ. ಈ ಗುಣಕ್ಕೆ ಡೈಎಲೆಕ್ಟ್ರಿಕ್ ಸ್ಥಿರಾಂಕ ಎಂಬ ಅಂಕಿಯಿದೆ. ಗಾಳಿಗೆ ಅದು 1, ಬೋಟು ಕಟ್ಟುವ ಗಾಜಿನ ನಾರು ಮತ್ತು ರೆಸಿನ್ನಿನ ಪದರಕ್ಕೆ ನಾಲ್ಕೈದು, ನೀರಿಗೆ ಸುಮಾರು 80. ಹಾಗಾಗಿ ಚೂರೇ ಚೂರು ನೀರು ಸೇರಿದರೂ ಅಂಕಿ ಜಿಗಿಯುತ್ತದೆ. ಫೈಬರ್ ಬೋಟಿಗೆ ಸೂಜಿ ಚುಚ್ಚಲಾಗದ ಕಾರಣ ಬೋಟು ಪರೀಕ್ಷಿಸುವ ಸರ್ವೇಯರುಗಳ ಕೈಯಲ್ಲಿ ಹೆಚ್ಚಾಗಿ ಕಾಣುವುದು ಈ ಬಗೆಯೇ.

ಎರಡೂ ಬಗೆಯಲ್ಲಿ ವಿದ್ಯುತ್ತಿನ ಗುಣವನ್ನು ತೇವದ ಶೇಕಡಾವಾರಿಗೆ ತಿರುಗಿಸುವ ಕೋಷ್ಟಕವೊಂದು ಯಂತ್ರದೊಳಗೆ ಕೂತಿರುತ್ತದೆ. ಆ ಕೋಷ್ಟಕ ಹುಟ್ಟುವುದು ಒಲೆ ಮತ್ತು ತಕ್ಕಡಿಯಿಂದ. ಕಾಫಿಬೀಜಕ್ಕಾದರೆ ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ತೂಕ ಮಾಡಿದ ಬೀಜವನ್ನು 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 16 ಗಂಟೆ ಇಟ್ಟು ಮತ್ತೆ ತೂಗುತ್ತಾರೆ. ಕಳೆದುಹೋದ ತೂಕವೇ ತೇವ. ಹೀಗೆ ನೂರಾರು ಮಾದರಿಗಳನ್ನು ಒಣಗಿಸಿ, ಅವೇ ಮಾದರಿಗಳಿಗೆ ಮೀಟರ್ ಹಿಡಿದು, ಎರಡನ್ನೂ ತಾಳೆ ಹಾಕಿದಾಗ ಮೀಟರಿಗೆ ಮಾತು ಬರುತ್ತದೆ. ಕಾಫಿಗೆ ಕಲಿಸಿದ ಮಾತು ಕೊಬ್ಬರಿಗೆ ಒದಗುವುದಿಲ್ಲ, ಏಕೆಂದರೆ ಕೊಬ್ಬರಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಣ್ಣೆ, ಎಣ್ಣೆಗೆ ಕರೆಂಟು ಹರಿಯುವುದಿಲ್ಲ. ಮರಕ್ಕೆ ಹೊಂದಿಸಿದ ಮೀಟರನ್ನು ಹಳೇಬೀಡಿನ ದೇಗುಲಗಳಲ್ಲಿ ಬಳಸಿರುವ ಜಾತಿಯ ಬಳಪದ ಕಲ್ಲಿಗೆ ಒತ್ತಿದರೂ ಅದು ಹಿಂಜರಿಯದೆ ಒಂದು ಅಂಕಿ ಕೊಡುತ್ತದೆ. ಆ ಅಂಕಿಗೂ ಕಲ್ಲಿನಲ್ಲಿರುವ ನೀರಿನ ಶೇಕಡಾವಾರಿಗೂ ಸಂಬಂಧವಿರುವುದಿಲ್ಲ. ಕಲ್ಲಿನ ಮೇಲೆ ಉಪ್ಪು ಕಟ್ಟಿದ್ದರೆ ಅಂಕಿ ಇನ್ನೂ ಮೇಲೇರುತ್ತದೆ.

ಇನ್ನೊಂದು ಗೊಂದಲ ಲೆಕ್ಕದ್ದು. ಕೊಬ್ಬರಿ, ಕಾಫಿ, ಭತ್ತದ ವ್ಯಾಪಾರದಲ್ಲಿ ತೇವವನ್ನು ಒಟ್ಟು ತೂಕದ ಶೇಕಡಾವಾರಾಗಿ ಹೇಳುತ್ತಾರೆ. ಮರದ ಕಸುಬಿನಲ್ಲಿ ಒಣ ಮರದ ತೂಕಕ್ಕೆ ಹೋಲಿಸಿ ಹೇಳುತ್ತಾರೆ. ನೂರು ಕೆ.ಜಿ. ತೂಗುವ ತೊಲೆಯಲ್ಲಿ 20 ಕೆ.ಜಿ. ನೀರಿದ್ದರೆ ಮಂಡಿಯವರ ಲೆಕ್ಕದಲ್ಲಿ ಅದು ಶೇ. 20, ಬಡಗಿಯ ಲೆಕ್ಕದಲ್ಲಿ ಶೇ. 25. ಆಗತಾನೆ ಕಡಿದ ಕೆಲವು ಜಾತಿಯ ಮರಗಳಲ್ಲಿ ತೇವ ಶೇ. 100ನ್ನು ದಾಟುವುದೂ ಉಂಟು, ಅದರಲ್ಲಿ ತಪ್ಪೇನಿಲ್ಲ.

ಈಗ ಬೋಟಿನ ಕಡೆ. ಫೈಬರ್ ಪದರ ನೀರಲ್ಲಿ ವರ್ಷಗಟ್ಟಲೆ ನೆನೆದರೂ ತನ್ನ ತೂಕದ ನೂರಕ್ಕೆ ಒಂದೆರಡು ಪಾಲು ನೀರು ಕುಡಿದರೆ ಹೆಚ್ಚು. ಹಾಗಿದ್ದ ಮೇಲೆ ಸರ್ವೇ ವರದಿಯಲ್ಲಿ ಬರೆದ 20 ಅಥವಾ 25 ಎಲ್ಲಿಂದ ಬಂತು? ಮೀಟರಿನ ಒಳಗಿರುವುದು ಮರದ ಕೋಷ್ಟಕ, ಇಲ್ಲವೇ ಸೊನ್ನೆಯಿಂದ ನೂರರವರೆಗಿನ ಬರೀ ಹೋಲಿಕೆಯ ಪಟ್ಟಿ. ‘ಈ ಜಾಗದಲ್ಲಿ ಫೈಬರ್ ಬದಲು ಮರವಿದ್ದು ಇಷ್ಟೇ ಸೂಚನೆ ಬಂದಿದ್ದರೆ ತೇವ ಶೇ. 20 ಇರುತ್ತಿತ್ತು’ ಎಂಬುದಷ್ಟೇ ಅದರ ಅರ್ಥ. ಆದ್ದರಿಂದ ಒಂಟಿ ಅಂಕಿಯನ್ನು ಓದಿ ಎದೆ ಒಡೆದುಕೊಳ್ಳಬೇಕಿಲ್ಲ, ಹಿಗ್ಗಲೂ ಬೇಕಿಲ್ಲ. ನೋಡಬೇಕಾದ್ದು ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಇರುವ ಅಂತರವನ್ನು.

ಪಳಗಿದ ಸರ್ವೇಯರ್ ಮೊದಲು ನೀರಿನ ಮಟ್ಟಕ್ಕಿಂತ ಮೇಲಿನ ಒಣ ಭಾಗಕ್ಕೆ ಮೀಟರ್ ಹಿಡಿಯುತ್ತಾನೆ. ಅದು ಆ ಬೋಟಿನ ಸ್ವಂತ ಸೊನ್ನೆ. ಆಮೇಲೆ ತಳದಲ್ಲಿ ಚಾಕ್‌ಪೀಸಿನಿಂದ ಚೌಕ ಚೌಕವಾಗಿ ಗೆರೆ ಎಳೆದು, ಒಂದೊಂದು ಚೌಕದ ಅಂಕಿಯನ್ನೂ ಅಲ್ಲೇ ಬರೆಯುತ್ತ ಹೋಗುತ್ತಾನೆ. ಮೇಲೆ 5, ತಳದುದ್ದಕ್ಕೂ ಒಂದೇ ಸಮ 14 ಎಂದು ಬಂದರೆ ಇಡೀ ತಳ ನಿಧಾನವಾಗಿ ನೀರು ಕುಡಿದಿದೆ ಎಂದು ತಿಳಿಯಬಹುದು. ನೀರಿನಲ್ಲೇ ಇದ್ದ ಹಳೆಯ ಬೋಟಿಗೆ ಇದು ಅಪರೂಪವಲ್ಲ. ಸುತ್ತ 6–7 ಇದ್ದು, ಒಂದು ಬೋಲ್ಟಿನ ಸುತ್ತ ಮಾತ್ರ 30 ಎಂದು ಹಾರಿದರೆ ಅದು ಬೇರೆಯದೇ ಕಥೆ. ಅಲ್ಲಿ ಸೀಲು ಸಡಿಲವಾಗಿ ನೀರು ಒಳಗೆ ಇಳಿಯುತ್ತಿರಬಹುದು.

ಸಣ್ಣ ಸ್ಪೀಡ್ ಬೋಟಿನಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ ಜಾಗ ಹಿಂಬದಿಯ ಗೋಡೆ, ಅಂದರೆ ಔಟ್‌ಬೋರ್ಡ್ ಎಂಜಿನ್ ನೇತುಹಾಕುವ ಟ್ರಾನ್ಸಮ್. ಹಳೆಯ ಬೋಟುಗಳಲ್ಲಿ ಇದು ಹೊರಗೊಳಗೆ ಫೈಬರ್ ಹೊದಿಸಿದ ಪ್ಲೈವುಡ್. ಎಂಜಿನ್ನಿನ ಬೋಲ್ಟಿಗೆ, ನೀರು ಹೊರಬಿಡುವ ಬಿರಡೆಗೆ, ಏಣಿಗೆ ಎಂದು ಕೊರೆದ ತೂತುಗಳಲ್ಲಿ ಒಂದಕ್ಕೆ ಸೀಲಂಟ್ ಸರಿಯಾಗಿ ಹಾಕದಿದ್ದರೂ ಸಾಕು, ನೀರು ಪ್ಲೈವುಡ್ಡಿಗೆ ಇಳಿಯುತ್ತದೆ. ಫೈಬರ್ ಹೊದಿಕೆ ಇರುವುದರಿಂದ ಅದು ಆರುವುದೂ ಇಲ್ಲ. ಹೊರಗೆ ಪೇಂಟು ಫಳಫಳ, ಒಳಗೆ ಮರ ನೆನೆದ ರಟ್ಟು. ಇಲ್ಲಿ ಮೀಟರ್ ಜೋರಾಗಿ ಏರಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಾಕ್ಷಿಗೆ ಇನ್ನೆರಡು ಪರೀಕ್ಷೆಗಳಿವೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಜಾಗದಲ್ಲಿ ‘ಟಕ್ ಟಕ್’ ಎಂಬ ಸ್ಪಷ್ಟ ಸದ್ದು, ಕೊಳೆತಲ್ಲಿ ಮಂಕಾದ ‘ದಬ್’. ಎಂಜಿನ್ನನ್ನು ಮೇಲಕ್ಕೆ ವಾಲಿಸಿ ಅದರ ಕೆಳತುದಿಯನ್ನು ಹಿಡಿದು ಜಗ್ಗಿದಾಗ ಗೋಡೆಯೂ ಬಾಗಿದರೆ ಅನುಮಾನ ಉಳಿಯುವುದಿಲ್ಲ. ಹೊದಿಕೆ ಕತ್ತರಿಸಿ, ಪ್ಲೈವುಡ್ ಕಿತ್ತು, ಹೊಸದು ಕೂರಿಸುವ ಈ ರಿಪೇರಿ ಬೋಟಿನ ಕೆಲಸಗಳಲ್ಲಿ ದುಬಾರಿಯದು.

ತಳದ ಸಮಸ್ಯೆಯ ಬಗೆಯೇ ಬೇರೆ. ಅದರಲ್ಲಿ ಯಗಚಿಯಂಥ ಸಿಹಿನೀರಿಗೆ ಸೇರಿದ ಅಚ್ಚರಿಯೊಂದಿದೆ. ಫೈಬರ್ ಬೋಟಿನ ಹೊಳಪಿನ ಹೊರಪದರ, ಅಂದರೆ ಜೆಲ್‌ಕೋಟ್, ನೀರನ್ನು ತಡೆದಂತೆ ಕಂಡರೂ ನೀರಿನ ಅಣುಗಳು ಒಂದೊಂದಾಗಿ ನುಸುಳುತ್ತವೆ. ಕಟ್ಟುವಾಗ ಸರಿಯಾಗಿ ಗಟ್ಟಿಯಾಗದೆ ಉಳಿದ ರೆಸಿನ್ನಿನ ಅಂಶಗಳು ಆ ನೀರಿನಲ್ಲಿ ಕರಗಿ ಗ್ಲೈಕಾಲ್, ಆಮ್ಲಗಳ ದಟ್ಟ ದ್ರಾವಣವಾಗುತ್ತವೆ. ದಟ್ಟ ದ್ರಾವಣ ಹೊರಗಿನ ತೆಳು ನೀರನ್ನು ಎಳೆಯುವುದು ಪರಾಸರಣದ ನಿಯಮ. ಒತ್ತಡ ಏರಿ ಜೆಲ್‌ಕೋಟಿನಡಿ ಬೊಬ್ಬೆ ಏಳುತ್ತದೆ. ಒಂದು ಬೊಬ್ಬೆ ಒಡೆದರೆ ಚಿಮ್ಮುವ ದ್ರವಕ್ಕೆ ವಿನೆಗರಿನಂಥ ಹುಳಿ ವಾಸನೆ; ನೀಲಿ ಲಿಟ್ಮಸ್ ಕಾಗದ ಕೆಂಪಾಗುತ್ತದೆ. ಸಮುದ್ರದ ನೀರಿನಲ್ಲಿ ಉಪ್ಪಿರುವುದರಿಂದ ಒಳಗಿಗೂ ಹೊರಗಿಗೂ ದಟ್ಟಣೆಯ ಅಂತರ ಕಡಿಮೆ, ಎಳೆತವೂ ಕಡಿಮೆ. ಸಿಹಿನೀರಿನಲ್ಲಿ ಎಳೆತ ಜಾಸ್ತಿ. ನೀರು ಬೆಚ್ಚಗಿದ್ದರೆ ವೇಗ ಇನ್ನೂ ಹೆಚ್ಚು. ಉಳಿದೆಲ್ಲ ಒಂದೇ ಆಗಿದ್ದರೆ ಮಲ್ಪೆಯ ಕಡಲಲ್ಲಿ ತೇಲಿದ ತಳಕ್ಕಿಂತ ಜಲಾಶಯದಲ್ಲಿ ವರ್ಷಪೂರ್ತಿ ತೇಲಿದ ತಳಕ್ಕೇ ಬೊಬ್ಬೆಯ ಭಯ ಹೆಚ್ಚು. ಸಿಹಿನೀರಿನ ಬೋಟು, ಉಪ್ಪು ಮುಟ್ಟಿಲ್ಲ ಎಂದು ಮಾರುವವರು ಹೊಗಳಿದರೆ ಅದು ಎಂಜಿನ್ನಿಗೆ ಸಲ್ಲುವ ಮಾತು, ತಳಕ್ಕಲ್ಲ.

ಬೊಬ್ಬೆ ಬಂದ ಮಾತ್ರಕ್ಕೆ ಬೋಟು ಮುಳುಗುವುದಿಲ್ಲ. ಅಲ್ಲಲ್ಲಿ ನಾಲ್ಕಾರು ಇದ್ದರೆ ಕೆರೆದು ತುಂಬಿದರಾಯಿತು. ತಳದ ತುಂಬ ಎದ್ದಿದ್ದರೆ ಜೆಲ್‌ಕೋಟ್ ಕಿತ್ತು, ತೊಳೆದು, ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ ಬಳಿಯಬೇಕು. ಇಲ್ಲೂ ಮೀಟರ್ ಒಂದು ಆಟ ಆಡುತ್ತದೆ. ಗ್ಲೈಕಾಲ್ ನೀರಿನಂತೆ ಬೇಗ ಆವಿಯಾಗದು, ಮೇಲಾಗಿ ಗಾಳಿಯ ತೇವವನ್ನು ಹೀರುತ್ತದೆ. ಹೀಗಾಗಿ ಎಷ್ಟು ಬಿಸಿಲಿಗಿಟ್ಟರೂ ಅಂಕಿ ಇಳಿಯುವುದಿಲ್ಲ. ಸಿಹಿನೀರಿನಿಂದ ಮತ್ತೆ ಮತ್ತೆ ತೊಳೆದಾಗಲೇ ಅದು ಇಳಿಯುತ್ತದೆ. ಒಣಗಿಸುವುದಕ್ಕೆ ನೀರು ಹಾಕುವುದು ಕೇಳುವುದಕ್ಕೆ ವಿಚಿತ್ರ, ಆದರೆ ಬೋಟ್ ಯಾರ್ಡಿನವರು ಮಾಡುವುದು ಹಾಗೆಯೇ.

ಸುಳ್ಳು ಭಯ ಹುಟ್ಟಿಸುವ ಸಂದರ್ಭಗಳೂ ಉಂಟು. ಆಗಷ್ಟೇ ನೀರಿನಿಂದ ಮೇಲೆತ್ತಿದ ಬೋಟಿನ ಮೈ ಹಸಿಯಾಗಿರುತ್ತದೆ. ಕಡಲ ಬೋಟುಗಳ ತಳಕ್ಕೆ ಪಾಚಿ, ಚಿಪ್ಪು ಹತ್ತದಿರಲೆಂದು ಬಳಿಯುವ ತಾಮ್ರದ ಪೇಂಟು ಅಂಕಿಯನ್ನು ಏರಿಸುತ್ತದೆ. ಗೋಡೆಯ ಒಳಬದಿಯಲ್ಲಿ ಡೀಸೆಲ್ ಟ್ಯಾಂಕೋ, ಲೋಹದ ಪಟ್ಟಿಯೋ, ನಿಂತ ನೀರೋ ಇದ್ದರೂ ಹಾಗೆಯೇ. ಕಾರ್ಬನ್ ನಾರಿನ ಬೋಟಿಗಂತೂ ಈ ಮೀಟರ್ ಒಗ್ಗುವುದೇ ಇಲ್ಲ, ಕಾರ್ಬನ್ನೇ ಕರೆಂಟು ಹರಿಸುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುತ್ತದೆ. ದಡದಲ್ಲಿ ನಿಂತ ಬೋಟನ್ನು ಕೊಳ್ಳುವವರು ಬಂದು ನೋಡಲು ಅನುಕೂಲದ ಕಾಲವದು, ಮೀಟರ್ ಹಿಡಿಯಲು ಮಾತ್ರ ಅಲ್ಲ. ಮಳೆಗಾಲದ ಆ ಗಾಳಿಯಲ್ಲಿ ಮೇಲ್ಮೈ ಒಣಗಿದ್ದೇ ಇಲ್ಲ. ಆಗ ಸರಳ ಉಪಾಯವೊಂದು ಕೆಲಸಕ್ಕೆ ಬರುತ್ತದೆ. ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿದ ತಳಕ್ಕೆ ಇಟ್ಟು, ನಾಲ್ಕೂ ಅಂಚನ್ನು ಟೇಪಿನಿಂದ ಮುಚ್ಚಿ ಒಂದೆರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಬೆವರಿನಂಥ ಹನಿ ಕಟ್ಟಿದರೆ ನೀರು ಪದರದೊಳಗಿಂದ ಬರುತ್ತಿದೆ ಎಂದೇ ಲೆಕ್ಕ.

1917ರ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಾಂತ್ರಿಕ ಬೋಟುಗಳಿಗೆ ಸರ್ವೇ, ನೋಂದಣಿಗಳನ್ನು ಕಡ್ಡಾಯ ಮಾಡಿದೆ. ಆ ಪ್ರಮಾಣಪತ್ರ ಬೋಟು ಓಡಲು ಯೋಗ್ಯವೇ ಎಂದು ಹೇಳುತ್ತದೆ. ಕೇಳಿದ ಬೆಲೆಗೆ ಯೋಗ್ಯವೇ ಎಂದು ಹೇಳುವುದಿಲ್ಲ. ಎರಡನೆಯದಕ್ಕೆ ಕೊಳ್ಳುವವರೇ ಸರ್ವೇಯರನ್ನು ಕರೆತರಬೇಕು. ವರದಿ ಕೈಗೆ ಬಂದಾಗ ಕೇಳಬೇಕಾದ್ದು ಇಷ್ಟು: ಯಾವ ಮೀಟರ್, ಯಾವ ಪಟ್ಟಿಯಲ್ಲಿ? ಬೋಟು ನೀರಿನಿಂದ ಹೊರಬಂದು ಎಷ್ಟು ದಿನವಾಗಿತ್ತು? ಮೇಲಿನ ಒಣ ಭಾಗದ ಅಂಕಿ ಎಷ್ಟು? ಏರಿದ ಜಾಗದಲ್ಲಿ ಸುತ್ತಿಗೆಯ ಸದ್ದು ಏನೆಂದಿತು? ಉತ್ತರ ಅರೆಬರೆ ಇದ್ದರೆ ಬೋಟನ್ನು ನೆರಳಲ್ಲಿ ಎರಡು ವಾರ ನಿಲ್ಲಿಸಿ, ಅದೇ ಮೀಟರಿನಿಂದ ಅವೇ ಚೌಕಗಳಲ್ಲಿ ಮತ್ತೆ ಅಳೆಯಬೇಕು. ಅಂಕಿಗಳು ಇಳಿದರೆ ಅದು ಬರೀ ಮೈಮೇಲಿನ ಹಸಿ. ಟ್ರಾನ್ಸಮ್ಮಿನ ಒಂದೆರಡು ಚೌಕ ಮಾತ್ರ ಹಠ ಹಿಡಿದು ನಿಂತರೆ, ಮಾಲೀಕರ ಒಪ್ಪಿಗೆ ಪಡೆದು ಒಳಬದಿಯಿಂದ ಸಣ್ಣ ತೂತು ಕೊರೆದು ಪ್ಲೈವುಡ್ಡಿನ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಬೇಕು. ಬಣ್ಣ ತಿಳಿಯಾಗಿದ್ದು ಗರಿಗರಿ ಉದುರಿದರೆ ತೂತು ಮುಚ್ಚಿ ಬೆಲೆಯ ಮಾತಿಗೆ ಕೂರಬಹುದು. ಕಪ್ಪಗೆ ಮುದ್ದೆಯಾಗಿ ಅಂಟಿದರೆ ಹೊಸ ಟ್ರಾನ್ಸಮ್ಮಿನ ಖರ್ಚನ್ನು ಕಳೆದೇ ಬೆಲೆ ಕೇಳಬೇಕು.