ನಿಂತ ಹೃದಯ ಮತ್ತು ಆಮ್ಲಜನಕದ ಜಮಾಖರ್ಚು

ಹೃದಯದ ಒಳಗಿನ ರಂಧ್ರವನ್ನು ಹೊಲಿಯಬೇಕಾದರೆ ಅದು ನಿಶ್ಚಲವಾಗಿರಬೇಕು. ಅದರೊಳಗೆ ರಕ್ತ ಹರಿಯುತ್ತಿರಕೂಡದು. ಆದರೆ ದೇಹದ ಸಹಜ ಉಷ್ಣತೆಯಲ್ಲಿ ರಕ್ತಪ್ರವಾಹವು ನಿಂತರೆ ನಾಲ್ಕೈದು ನಿಮಿಷಗಳಲ್ಲಿಯೇ ಮಿದುಳಿಗೆ ಹಾನಿಯಾಗತೊಡಗುತ್ತದೆ. ಹೀಗಿರುವಲ್ಲಿ, ಗಂಟೆಗಟ್ಟಲೆ ನಡೆಯುವ ಹೃದಯದ ಶಸ್ತ್ರಚಿಕಿತ್ಸೆ ಸಾಧ್ಯವಾಗುವುದು ಹೇಗೆ? ಇದನ್ನು ತಿಳಿಯಲು ನಾವು ಮೊದಲು ದೇಹದ ಆಮ್ಲಜನಕದ ಜಮಾಖರ್ಚನ್ನು ನೋಡೋಣ.

ಆರೋಗ್ಯವಂತನ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 15 ಗ್ರಾಂ ಹೀಮೊಗ್ಲೋಬಿನ್ ಇರುತ್ತದೆ. ಒಂದು ಗ್ರಾಂ ಹೀಮೊಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲುದು. ಎಂದರೆ, 100 ಮಿಲಿಲೀಟರ್ ರಕ್ತವು ಹೊರುವ ಆಮ್ಲಜನಕ ಸುಮಾರು 20 ಮಿಲಿಲೀಟರ್. ವಿಶ್ರಾಂತಿಯಲ್ಲಿರುವವನ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುವುದರಿಂದ, ನಿಮಿಷವೊಂದಕ್ಕೆ ದೇಹಕ್ಕೆ ಬರುವ ಜಮೆ 1,000 ಮಿಲಿಲೀಟರ್. ಖರ್ಚಾದರೋ 250 ಮಾತ್ರ. ಉಳಿದ ಮುಕ್ಕಾಲು ಪಾಲು ಅಭಿಧಮನಿಗಳ ಮೂಲಕ ಹಿಂದಿರುಗುತ್ತದೆ. ಆಪತ್ಕಾಲದಲ್ಲಿ ಅಂಗಗಳು ಕೈಹಾಕುವುದು ಈ ಮಿಗತೆಗೆ.

ಹೃದಯವನ್ನು ನಿಲ್ಲಿಸಬೇಕಾದಾಗ ಎರಡು ದಾರಿಗಳುಂಟು: ಖರ್ಚನ್ನು ತಗ್ಗಿಸುವುದು, ಇಲ್ಲವೆ ಜಮೆಯನ್ನು ಬೇರೆ ಸಾಧನದಿಂದ ಒದಗಿಸುವುದು. ಮೊದಲನೆಯ ದಾರಿಯನ್ನು 1952ರ ಸೆಪ್ಟೆಂಬರ್ 2ರಂದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಜಾನ್ ಲೂಯಿಸ್ ಹಿಡಿದರು. ಐದು ವರ್ಷದ ಬಾಲಕಿಯ ದೇಹವನ್ನು ಸುಮಾರು 28 ಡಿಗ್ರಿ ಸೆಂಟಿಗ್ರೇಡಿಗೆ ತಂಪಾಗಿಸಿ, ಐದೂವರೆ ನಿಮಿಷಗಳಷ್ಟು ಕಾಲ ಹೃದಯಕ್ಕೆ ಬರುವ ರಕ್ತವನ್ನು ತಡೆದು, ಹೃತ್ಕರ್ಣಗಳ ನಡುವಣ ರಂಧ್ರವನ್ನು ಮುಚ್ಚಿದರು. ಎರಡನೆಯ ದಾರಿಯನ್ನು ತೆರೆದವರು ಜಾನ್ ಗಿಬ್ಬನ್. 1953ರ ಮೇ 6ರಂದು ಫಿಲಡೆಲ್ಫಿಯದಲ್ಲಿ ಅವರು ನಿರ್ಮಿಸಿದ ಯಂತ್ರವು ರೋಗಿಯೊಬ್ಬಳ ಹೃದಯ ಶ್ವಾಸಕೋಶಗಳ ಕೆಲಸವನ್ನು 26 ನಿಮಿಷಗಳ ಕಾಲ ಸಂಪೂರ್ಣವಾಗಿ ವಹಿಸಿಕೊಂಡಿತು.

ಇಂದು ಎರಡು ದಾರಿಗಳೂ ಕೂಡಿವೆ. ಯಂತ್ರದ ನಳಿಗೆಗಳಲ್ಲಿ ಮೊದಲೇ ತುಂಬಿರುವ ದ್ರವವು ಬೆರೆತು ರಕ್ತ ತೆಳುವಾಗುತ್ತದೆ. ಹೀಮೊಗ್ಲೋಬಿನ್ 8 ಗ್ರಾಮಿಗೆ ಇಳಿಯಿತೆಂದೂ ಪ್ರವಾಹವು ನಿಮಿಷಕ್ಕೆ 4.5 ಲೀಟರ್ ಎಂದೂ ಇಟ್ಟುಕೊಳ್ಳೋಣ. ಜಮೆ ಸುಮಾರು 480 ಮಿಲಿಲೀಟರಿಗೆ ಕುಗ್ಗಿತು. ಖರ್ಚು 250ರಲ್ಲಿಯೇ ನಿಂತರೆ ಅರ್ಧಕ್ಕಿಂತ ಹೆಚ್ಚು ಕರಗಿಹೋಗುವುದು. ದೇಹವನ್ನು 30 ಡಿಗ್ರಿಗೆ ತಂಪಾಗಿಸಿದರೆ ಖರ್ಚು ಸುಮಾರು ಅರ್ಧಕ್ಕೆ, ಎಂದರೆ 125ಕ್ಕೆ ಇಳಿಯುತ್ತದೆ. ಕಾಲುಭಾಗ ಖರ್ಚು, ಮುಕ್ಕಾಲು ಭಾಗ ಮಿಗತೆ ಎಂಬ ಹಳೆಯ ಪ್ರಮಾಣವೇ ಮರಳುತ್ತದೆ. ಯಂತ್ರದ ರಕ್ತವು ತಲುಪದ ಹೃದಯವನ್ನಾದರೋ ಪೊಟ್ಯಾಸಿಯಂ ಬೆರೆಸಿದ ತಣ್ಣನೆಯ ದ್ರಾವಣದಿಂದ ನಿಲ್ಲಿಸುತ್ತಾರೆ. ಮಿಡಿಯದ ಹೃದಯಕ್ಕೆ ಬೇಕಾಗುವ ಆಮ್ಲಜನಕ ಅತ್ಯಲ್ಪ.

ಲೆಕ್ಕ ತಪ್ಪುತ್ತಿದೆಯೆಂದು ತಿಳಿಯುವ ಬಗೆ ಯಾವುದು? ದೇಹಕ್ಕೆ ಹೋಗುವ ರಕ್ತವನ್ನು ಮಾತ್ರ ನೋಡಿದರೆ ಸಾಲದು. ಪ್ರವಾಹ ಕಡಮೆಯಾದರೂ ಅದು ಕೆಂಪಾಗಿಯೇ ಇರುತ್ತದೆ. ಹಿಂದಿರುಗುವ ರಕ್ತವೇ ನಿಜವಾದ ಸಾಕ್ಷಿ. ಅದರಲ್ಲಿ ಆಮ್ಲಜನಕ ಹೊತ್ತ ಹೀಮೊಗ್ಲೋಬಿನ್ನಿನ ಪಾಲು ನೂರಕ್ಕೆ 75ರಿಂದ ಬಹಳ ಕೆಳಗಿಳಿದರೆ, ಯಂತ್ರವನ್ನು ನಡೆಸುವವರು ಪ್ರವಾಹವನ್ನು ಹೆಚ್ಚಿಸಬೇಕು, ಇಲ್ಲವೆ ರಕ್ತವನ್ನು ಕೂಡಿಸಬೇಕು. ಶಸ್ತ್ರಚಿಕಿತ್ಸೆ ಮುಗಿದು ದೇಹವನ್ನು ಮತ್ತೆ ಬೆಚ್ಚಗಾಗಿಸುವಾಗ ಖರ್ಚು ಏರುತ್ತಾ ಹೋಗುವುದರಿಂದ ಆಗ ವಿಶೇಷ ಎಚ್ಚರ ಅಗತ್ಯ. ಹೃದಯವು ತನ್ನ ಕೆಲಸವನ್ನು ಮರಳಿ ವಹಿಸಿಕೊಳ್ಳುವವರೆಗೆ ಈ ಕಾವಲು ಒಂದು ನಿಮಿಷವೂ ಸಡಿಲವಾಗುವಂತಿಲ್ಲ.