ಗ್ರಂಥಭಂಡಾರದ ಹೊಸಬರೂ ಹಿರಿಯರ ಹೊಣೆಯೂ

1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯವು ತನ್ನ ಗ್ರಂಥಾಲಯಕ್ಕೆ ಪ್ರಥಮ ಗ್ರಂಥಪಾಲಕರನ್ನು ನಿಯಮಿಸಿಕೊಂಡಿತು. ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಶಿಯಾಳಿ ರಾಮಾಮೃತ ರಂಗನಾಥನ್ ಎಂಬ ಮೂವತ್ತೊಂದು ವರ್ಷದ ಅಧ್ಯಾಪಕರೇ ಆ ಗ್ರಂಥಪಾಲಕರು. ಗ್ರಂಥಾಲಯ ಶಾಸ್ತ್ರದ ವಿಷಯದಲ್ಲಿ ಅವರಿಗಿದ್ದ ಪೂರ್ವಜ್ಞಾನವು ಸಂದರ್ಶನಕ್ಕೆ ಮುನ್ನ ವಿಶ್ವಕೋಶವೊಂದರಲ್ಲಿ ಓದಿಕೊಂಡ ಒಂದು ಲೇಖನದಷ್ಟೇ ಆಗಿತ್ತು. ಕೆಲಸಕ್ಕೆ ಸೇರಿ ಕೆಲವೇ ದಿನಗಳು ಕಳೆಯುವಷ್ಟರಲ್ಲಿ ಅವರು ಅಧಿಕಾರಿಗಳ ಬಳಿಗೆ ಹೋಗಿ, ತಮ್ಮನ್ನು ಮರಳಿ ಪಾಠದ ಕೆಲಸಕ್ಕೇ ಕಳುಹಿಸಿಕೊಡಬೇಕೆಂದು ಬೇಡಿಕೊಂಡರು. ಮುಂದೆ ಭಾರತೀಯ ಗ್ರಂಥಾಲಯಶಾಸ್ತ್ರದ ಪಿತಾಮಹರೆಂದು ಕೀರ್ತಿತರಾದವರು ಆ ವೃತ್ತಿಯಿಂದ ವಾರವೊಂದರೊಳಗೆ ಓಡಿಹೋಗಲು ಹವಣಿಸಿದರೆಂಬುದು ವಿಚಿತ್ರವೆನಿಸಬಹುದು. ಆದರೆ ಕಾರಣವನ್ನು ವಿಚಾರಿಸಿದರೆ ವೈಚಿತ್ರ್ಯವೇನೂ ಇಲ್ಲ.

ಅವರನ್ನು ಬಾಧಿಸಿದ್ದು ಏಕಾಂತ. ತರಗತಿಯ ತುಂಬ ವಿದ್ಯಾರ್ಥಿಗಳನ್ನು ಕಂಡು ಬಾಳಿದವರಿಗೆ ಮೂಕವಾದ ಪುಸ್ತಕಗಳ ನಡುವೆ ದಿನಗಳೆಯುವುದು ಅಸಹನೀಯವಾಯಿತು. ಪುಸ್ತಕವನ್ನು ಹೇಗೆ ವಿಂಗಡಿಸಬೇಕು, ಓದುಗನನ್ನು ಹೇಗೆ ಕರೆತರಬೇಕು ಎಂದು ಕೇಳಿ ತಿಳಿಯಲು ಅವರ ಮೇಲೆ ಒಬ್ಬ ಹಿರಿಯ ಗ್ರಂಥಪಾಲಕರೂ ಇರಲಿಲ್ಲ. ವೃತ್ತಿಗೆ ಹೊಸದಾಗಿ ಬಂದವರು ಅದನ್ನು ತೊರೆಯುವುದು ಸಾಮಾನ್ಯವಾಗಿ ಕೆಲಸ ಹೆಚ್ಚಾದುದರಿಂದಲ್ಲ, ಆ ಕೆಲಸದ ಅರ್ಥವನ್ನು ತಿಳಿಸಿಕೊಡುವವರು ಇಲ್ಲದಿರುವುದರಿಂದ. ವಿಶ್ವವಿದ್ಯಾನಿಲಯದವರು ವಿವೇಕದಿಂದ ಒಂದು ಒಪ್ಪಂದಕ್ಕೆ ಬಂದರು: ರಂಗನಾಥನ್ ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬರಲಿ, ಅನಂತರವೂ ಮನಸ್ಸೊಪ್ಪದಿದ್ದರೆ ಕಾಲೇಜಿಗೆ ಹಿಂದಿರುಗಲಿ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ವರ್ಗೀಕರಣವನ್ನು ಬೋಧಿಸಿದವರು ಡಬ್ಲ್ಯು. ಸಿ. ಬರ್ವಿಕ್ ಸೇಯರ್ಸ್. ಸೇಯರ್ಸ್ ಕೇವಲ ಪಾಠದ ಪಂಡಿತರಲ್ಲ. ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರು, ಓದುಗರೊಂದಿಗೆ ನಿತ್ಯ ವ್ಯವಹರಿಸುತ್ತಿದ್ದವರು. ಈ ಶಿಷ್ಯನಿಗೆ ಗ್ರಂಥಗಳಿಗಿಂತ ಗ್ರಂಥಾಲಯಗಳನ್ನು ನೋಡುವುದೇ ಹಿತವೆಂದು ಗುರುತಿಸಿ ಅವರನ್ನು ಊರೂರಿಗೆ ಕಳುಹಿಸಿದರು. ರಂಗನಾಥನ್ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಕಂಡರು. ಮಕ್ಕಳಿಗೂ ಕಾರ್ಮಿಕರಿಗೂ ಗೃಹಿಣಿಯರಿಗೂ ಅಲ್ಲಿ ದೊರೆಯುತ್ತಿದ್ದ ಆದರವನ್ನು ಕಂಡರು. ಮದರಾಸಿನಲ್ಲಿ ಮೂಕವಾಗಿದ್ದ ಪುಸ್ತಕಗಳಿಗೆ ಇಲ್ಲಿ ಬಾಯಿ ಬಂದಂತಾಯಿತು. ಅಂಗಡಿಯೊಂದರಲ್ಲಿ ಪಟ್ಟಿ, ಚಕ್ರ, ತಿರುಪುಗಳನ್ನು ಬೇರೆಬೇರೆಯಾಗಿ ಜೋಡಿಸಿ ಹಲವು ಆಟಿಕೆಗಳನ್ನು ಮಾಡುವ ಮೆಕ್ಯಾನೋ ಪೆಟ್ಟಿಗೆಯನ್ನು ನೋಡಿ, ವಿಷಯಗಳನ್ನೂ ಹಾಗೆಯೇ ಬಿಡಿಬಿಡಿಯಾಗಿ ಇಟ್ಟುಕೊಂಡು ಕೂಡಿಸಬಹುದಲ್ಲವೇ ಎಂದು ಅವರಿಗೆ ಹೊಳೆದದ್ದು ಆಗಲೇ. 1933ರಲ್ಲಿ ಪ್ರಕಟವಾದ ದ್ವಿಬಿಂದು ವರ್ಗೀಕರಣದ ಬೀಜವಿದು. ಕಲಿಯಲು ಬಂದ ವರ್ಷವೇ ಗುರುಗಳು ಕಲಿಸಿದ ಪದ್ಧತಿಗಳನ್ನು ಬಿಟ್ಟು ಹೊಸದನ್ನು ಕಟ್ಟಲು ಹೊರಟ ಶಿಷ್ಯನನ್ನು ಸೇಯರ್ಸ್ ಗದರಿಸಲಿಲ್ಲ, ಪ್ರೋತ್ಸಾಹಿಸಿದರು. ಹಿರಿತನದಲ್ಲಿ ಇದಕ್ಕಿಂತ ಕಠಿನವಾದುದು ಮತ್ತೊಂದಿಲ್ಲ.

1925ರಲ್ಲಿ ಹಿಂದಿರುಗಿದ ರಂಗನಾಥನ್ ಕಾಲೇಜಿನ ಮಾತನ್ನು ಮತ್ತೆ ಎತ್ತಲಿಲ್ಲ. ಭಾರತದಲ್ಲಿ ಗ್ರಂಥಪಾಲಕರಿಗೆ ತರಬೇತಿ ಕೊಡುವ ಯತ್ನ ಅದಕ್ಕೆ ಮುಂಚೆ ನಡೆದಿರಲಿಲ್ಲವೆಂದಲ್ಲ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕದಿಂದ ಕರೆಸಿಕೊಂಡ ಬೋರ್ಡನ್ ಅವರು 1911ರಲ್ಲಿಯೂ, ಲಾಹೋರಿನ ಪಂಜಾಬ ವಿಶ್ವವಿದ್ಯಾನಿಲಯದಲ್ಲಿ ಡಿಕಿನ್‌ಸನ್ ಅವರು 1915ರಲ್ಲಿಯೂ ತರಗತಿಗಳನ್ನು ತೆರೆದಿದ್ದರು. ಮದರಾಸಿನಲ್ಲಿ 1929ರಲ್ಲಿ ಬೇಸಗೆಯ ಶಾಲೆಯಾಗಿ ಮೊದಲಾದ ತರಬೇತಿ 1931ರಲ್ಲಿ ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದು, 1937ರಲ್ಲಿ ಪದವೀಧರರ ಒಂದು ವರ್ಷದ ಡಿಪ್ಲೊಮ ಆಯಿತು. ಕರ್ನಾಟಕಕ್ಕೆ ಹೆಮ್ಮೆಯ ಸಂಗತಿಯೆಂದರೆ, 1957ರಲ್ಲಿ ಬೆಂಗಳೂರಿಗೆ ಬಂದು ನೆಲಸಿದ ಈ ಮಹನೀಯರು 1962ರಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಆಶ್ರಯದಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಇಲ್ಲಿಯೇ ಸ್ಥಾಪಿಸಿ, 1972ರಲ್ಲಿ ತೀರಿಕೊಳ್ಳುವವರೆಗೂ ಹೊಸಬರ ನಡುವೆಯೇ ಬಾಳಿದರು. ಜೀವಮಾನದ ಉಳಿತಾಯದಲ್ಲಿ ಒಂದು ಲಕ್ಷ ರೂಪಾಯಿಗಳನ್ನು ಗ್ರಂಥಾಲಯಶಾಸ್ತ್ರದ ಪ್ರಾಧ್ಯಾಪಕ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ, ತಮ್ಮ ಪತ್ನಿ ಶಾರದಾ ಅವರ ಹೆಸರಿನಲ್ಲಿ ಅರ್ಪಿಸಿದ್ದರು.

ಇಂದು ಪದವಿಗಳಿಗೆ ಕೊರತೆಯಿಲ್ಲ. ಆದರೆ ಪದವಿ ಪಡೆದು ಕನ್ನಡ ಗ್ರಂಥಭಂಡಾರವನ್ನು ಹೊಕ್ಕವರಿಗೆ ಪ್ರಥಮ ದಿನವೇ ಎದುರಾಗುವ ತೊಡಕುಗಳು ಪಠ್ಯಪುಸ್ತಕದಲ್ಲಿ ಪೂರ್ತಿಯಾಗಿ ಸಿಕ್ಕುವುದಿಲ್ಲ. ಹೆಸರುಗಳನ್ನೇ ನೋಡಬಹುದು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಎಂಬಲ್ಲಿ ಕೊನೆಯದು ಮನೆತನದ ಹೆಸರು, ನಡುವಿನದು ತಂದೆಯದು. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ, ಕೊನೆಯದು ಸ್ವಂತ ನಾಮ. ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನು, ಕೊನೆಯ ಪದವೇ ಮನೆತನವೆಂದು ಭ್ರಮಿಸಿ, ಅಯ್ಯಂಗಾರ್ ಎಂಬ ಪದದಡಿ ಸೇರಿಸಿದರೆ ಕನ್ನಡ ಓದುಗನು ಅವರನ್ನು ಎಂದೂ ಕಾಣಲಾರ. ಅವನು ಹುಡುಕುವುದು ‘ಮಾಸ್ತಿ’ ಎಂದು, ಕಥೆಗಳ ಮೇಲಿರುವುದು ‘ಶ್ರೀನಿವಾಸ’ ಎಂದು. ಭಾರತೀಯ ನಾಮಗಳ ಈ ಸಂಕೀರ್ಣತೆಯನ್ನು ರಂಗನಾಥನ್ ತಮ್ಮ ಸೂಚೀಕರಣ ಸಂಹಿತೆಯಲ್ಲಿ ಪರಿಶೀಲಿಸಿದ್ದುಂಟು. ಆದರೂ ಎದುರಿಗಿರುವ ಈ ಒಂದು ಹೆಸರಿನಲ್ಲಿ ಊರು ಯಾವುದು, ಮನೆತನ ಯಾವುದು ಎಂಬುದನ್ನು ಬಲ್ಲ ಹಿರಿಯರು ಪಕ್ಕದಲ್ಲಿದ್ದು ಹೇಳಿಕೊಡಬೇಕು. ಕಾರ್ಡುಗಳ ಸ್ಥಾನಕ್ಕೆ ಈಗ ಗಣಕಯಂತ್ರ ಬಂದಿದೆ; ತಪ್ಪಾಗಿ ತುಂಬಿದುದನ್ನು ಅದು ತಪ್ಪಾಗಿಯೇ ತೋರಿಸುತ್ತದೆ, ತುಸು ಬೇಗನೆ ತೋರಿಸುತ್ತದೆ ಅಷ್ಟೆ.

ವಚನ ಸಾಹಿತ್ಯದ ವಿಭಾಗದಲ್ಲಂತೂ ಈ ತೊಡಕು ಇಮ್ಮಡಿಯಾಗುತ್ತದೆ. ಗ್ರಾಮಾಂತರದಿಂದ ಬಂದ ಓದುಗನು ‘ಚೆನ್ನಮಲ್ಲಿಕಾರ್ಜುನನ ವಚನ ಕೊಡಿ’ ಎನ್ನುತ್ತಾನೆ. ಅದು ಅಕ್ಕಮಹಾದೇವಿಯ ಅಂಕಿತವೆಂದು ಅರಿಯದ ಹೊಸಬರು ಕರ್ತೃಗಳ ಸೂಚಿಯನ್ನೆಲ್ಲ ಹುಡುಕಿ ‘ಇಲ್ಲ’ ಎಂದುಬಿಡುತ್ತಾರೆ. ಪುಸ್ತಕವು ಹತ್ತು ಅಡಿಯ ಆಚೆಗಿರುತ್ತದೆ. ಗುಹೇಶ್ವರನೆಂದು ಕೇಳಿದವನಿಗೆ ಅಲ್ಲಮಪ್ರಭುವಿನ ಕಪಾಟನ್ನೂ, ಪ್ರಭುದೇವನೆಂದು ಕೇಳಿದವನಿಗೂ ಅದನ್ನೇ ತೋರಿಸತಕ್ಕದ್ದು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ‘ಶೂನ್ಯಸಂಪಾದನೆ’ ಎಂದು ಬರೆದುಕೊಟ್ಟರೆ, ಯಾವುದೆಂದು ವಿಚಾರಿಸುವುದೇ ಗ್ರಂಥಪಾಲಕರ ಮೊದಲ ಕರ್ತವ್ಯ. ಶಿವಗಣಪ್ರಸಾದಿ ಮಹಾದೇವಯ್ಯನ ಮೂಲ ಸಂಕಲನವೇ, ಹಲಗೆಯಾರ್ಯನದೇ, ಗುಮ್ಮಳಾಪುರದ ಸಿದ್ಧಲಿಂಗನದೇ, ಗೂಳೂರು ಸಿದ್ಧವೀರಣ್ಣನದೇ? ಒಂದರ ಬದಲು ಇನ್ನೊಂದನ್ನು ಕೊಟ್ಟರೆ ಆ ವಿದ್ಯಾರ್ಥಿಯ ಪ್ರಬಂಧದ ವಾದವೇ ಬುಡಮೇಲಾದೀತು. ಇನ್ನು ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂಬ ವಿದ್ವಾಂಸರ ಚರ್ಚೆಯನ್ನು ಸೂಚಿಯ ಮೂಲಕ ತೀರ್ಮಾನಿಸಲು ಹೊರಡುವುದು ಉತ್ಸಾಹಿಗಳಾದ ಹೊಸಬರ ಸಹಜ ದೋಷ. ಎರಡೂ ಹೆಸರುಗಳಿಂದ ಪರಸ್ಪರ ನಿರ್ದೇಶವನ್ನು ಕೊಟ್ಟು ಸುಮ್ಮನಿರುವ ಸಂಯಮವನ್ನು ಕಲಿಸುವುದು ಹಿರಿಯರ ಕೆಲಸ.

ಕೈಗೆ ಸಂಬಂಧಿಸಿದ ಶಿಕ್ಷಣವೂ ಉಂಟು. ಇದನ್ನು ಕ್ಷುಲ್ಲಕವೆಂದು ಬಗೆಯುವವರೇ ಹೆಚ್ಚು. ಕಪಾಟಿನಿಂದ ಪುಸ್ತಕವನ್ನು ತೆಗೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳಿಟ್ಟು ಎಳೆಯುವುದರಿಂದ ಎಷ್ಟೋ ಗ್ರಂಥಗಳ ಬೆನ್ನು ಹರಿದಿವೆ. ಅಕ್ಕಪಕ್ಕದ ಪುಸ್ತಕಗಳನ್ನು ಸ್ವಲ್ಪ ಒಳಕ್ಕೆ ತಳ್ಳಿ, ಬೇಕಾದುದನ್ನು ನಡುವಿನಲ್ಲಿ ಹಿಡಿದು ತೆಗೆಯಬೇಕು. ಹರಿದ ಹಾಳೆಗೆ ಅಂಗಡಿಯ ಅಂಟುಪಟ್ಟಿಯನ್ನು ಹಚ್ಚಿದರೆ ಕೆಲವು ವರ್ಷಗಳಲ್ಲಿ ಆ ಜಾಗ ಕಂದುಬಣ್ಣಕ್ಕೆ ತಿರುಗಿ ಅಕ್ಷರವೇ ಮಾಸಿಹೋಗುತ್ತದೆ. ತಾಳೆಯೋಲೆಯ ಕಟ್ಟುಗಳನ್ನು ಕಾಪಿಟ್ಟ ಮಠಗಳಲ್ಲಿಯೂ ಸಂಸ್ಥೆಗಳಲ್ಲಿಯೂ ಎಚ್ಚರವು ಇನ್ನೂ ಹೆಚ್ಚಾಗಿರಬೇಕು. ಒಣಗಿದ ಗರಿ ಬಾಗಿಸಿದೊಡನೆ ಮುರಿಯುತ್ತದೆ. ದಾರವನ್ನು ಸೆಳೆದರೆ ರಂಧ್ರದ ಅಂಚು ಸೀಳುತ್ತದೆ. ದಾರ ತೆಗೆದಮೇಲೆ ಗರಿಗಳ ಕ್ರಮ ತಪ್ಪಿತೆಂದರೆ, ಓಲೆಯ ಅಂಚಿನ ಹಳೆಯ ಅಂಕೆಗಳನ್ನು ಓದಬಲ್ಲವರು ಬರುವವರೆಗೆ ಆ ಗ್ರಂಥ ಇದ್ದೂ ಇಲ್ಲದಂತೆಯೇ. ಹಿರಿಯರೊಬ್ಬರು ಕಟ್ಟನ್ನು ಬಿಚ್ಚಿ, ಗರಿಯೊಂದನ್ನು ಎರಡು ಕೈಗಳಿಂದ ಎತ್ತಿ, ಮತ್ತೆ ಹಲಗೆಗಳ ನಡುವೆ ಇಟ್ಟು ಕಟ್ಟುವುದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಇದಾವುದನ್ನೂ ಬರಹದಲ್ಲಿ ವಿವರಿಸಬೇಕಾಗಿಲ್ಲ.

ದೊಡ್ಡ ಗ್ರಂಥಾಲಯಗಳಲ್ಲಿ ಹಿರಿಯರು ಹೇಗೂ ಇರುತ್ತಾರೆ. ಕಳವಳವಿರುವುದು ಹಳ್ಳಿಗಳ ವಿಷಯದಲ್ಲಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಫಲವಾಗಿ ಬೆಳೆದ ವ್ಯವಸ್ಥೆಯಲ್ಲಿ ಐದು ಸಾವಿರಕ್ಕೂ ಮಿಗಿಲಾದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಹುಟ್ಟಿಕೊಂಡವು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಅಲ್ಲಿನ ಮೇಲ್ವಿಚಾರಕರು ಸಾಮಾನ್ಯವಾಗಿ ಒಬ್ಬರೇ. ಒಂದು ಕೊಠಡಿ, ಒಂದು ಮೇಜು, ಬೆಳಗಿನ ಪತ್ರಿಕೆಗಾಗಿ ಬರುವ ನಾಲ್ವರು, ಸಂಜೆಗೆ ಶಾಲೆಯ ಮಕ್ಕಳು. ಸಂಶಯ ಬಂದರೆ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. 1924ರ ಮದರಾಸಿನಲ್ಲಿ ರಂಗನಾಥನ್ ಅನುಭವಿಸಿದ ಏಕಾಂತವೇ ಇದು. ಇವರನ್ನು ಲಂಡನ್ನಿಗೆ ಕಳುಹಿಸುವವರಿಲ್ಲ, ಕಳುಹಿಸಬೇಕಾಗಿಯೂ ಇಲ್ಲ. ಹೊಸದಾಗಿ ನೇಮಕಗೊಂಡವರನ್ನು ಕೊಠಡಿಯ ಬೀಗದ ಕೈ ಕೊಡುವ ಮುನ್ನ ಒಂದು ತಿಂಗಳು ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿ ಅನುಭವಿಗಳ ಜೊತೆ ಓದುಗರ ಎದುರಿಗೇ ಕೂರಿಸಬಹುದು. ಹತ್ತಿರದ ಕಾಲೇಜಿನಿಂದ ನಿವೃತ್ತರಾದ ಗ್ರಂಥಪಾಲಕರೊಬ್ಬರು ತಿಂಗಳಿಗೊಂದು ಸಲ ಆ ಹಳ್ಳಿಗೆ ಬಂದು, ಯಾರು ಏನು ಕೇಳಿದರು, ಯಾವುದನ್ನು ಕೊಡಲಾಗಲಿಲ್ಲ ಎಂದು ವಿಚಾರಿಸಿ, ಹಿಂದಿನ ಬಾರಿ ಕೊಡಲಾಗದ ಪುಸ್ತಕದ ಹೆಸರನ್ನು ಗುರುತು ಹಾಕಿಕೊಂಡು ಹೋಗಬಹುದು. ಅದಕ್ಕೆ ಬೇಕಾದ ವೆಚ್ಚ ಬಸ್ಸಿನ ಚಾರ್ಜು ಮಾತ್ರ.