ಗೋಲ್ ಬಿದ್ದಾಗ ಬೈಸಿಕೊಳ್ಳುವ ಹುಡುಗ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನುಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆ. ಉಳಿದದ್ದರಲ್ಲಿ ಊರಿನ ಮಳೆ-ಬೆಳೆ, ಇಲ್ಲವೇ ಕ್ರಿಕೆಟ್. ಈಚೆಗೆ ಒಬ್ಬ ಹುಡುಗ ಫುಟ್‌ಬಾಲ್ ವಿಷಯ ಎತ್ತಿದ. ದಾವಣಗೆರೆ ಕಡೆಯವನು, ಪಿ.ಜಿ.ಯಲ್ಲಿ ಐದಾರು ಜನರ ಜೊತೆ ಇದ್ದಾನೆ. ಶನಿವಾರ ರಾತ್ರಿ ಎಲ್ಲರೂ ಸೇರಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೋಡುತ್ತಾರಂತೆ. ಅವರ ನೆಚ್ಚಿನ ತಂಡ ಸಾಲಾಗಿ ಸೋಲುತ್ತಿದೆ. ಡಿಫೆನ್ಸ್‌ನಲ್ಲಿ ಎಳೆಯ ಹುಡುಗನೊಬ್ಬ ಆಡುತ್ತಿದ್ದಾನೆ. ರೂಮಿನಲ್ಲಿ ಅರ್ಧ ಜನ ‘ಅವನನ್ನು ಮೊದಲು ಹೊರಗೆ ಕೂರಿಸಬೇಕು’ ಅನ್ನುತ್ತಾರೆ, ಇನ್ನರ್ಧ ಜನ ‘ಪಾಪ, ಅವನೊಬ್ಬ ಏನು ಮಾಡ್ತಾನೆ’ ಅನ್ನುತ್ತಾರೆ. ಜಗಳ ಮುಗಿಯುವುದೇ ಇಲ್ಲ. ಹುಡುಗ ಕೇಳಿದ್ದು ಇಷ್ಟು: “ಸಾರ್, ಗೋಲ್ ಹೊಡೆಯೋನು ಫಾರ್ಮ್‌ನಲ್ಲಿ ಇದ್ದಾನಾ ಇಲ್ವಾ ಅಂತ ಗೋಲ್ ಎಣಿಸಿ ಹೇಳಬಹುದು. ಡಿಫೆಂಡರ್‌ದು ಹೇಗೆ ಸಾರ್ ಹೇಳೋದು?”

ಎರಡು ಹಾಡಿನ ನಡುವಿನ ಒಂದು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಈಗ ನಡೆಯುತ್ತಿರುವ ಜಗಳಕ್ಕೆ ತೀರ್ಪು ಕೊಡುವ ಬದಲು, ಕೊನೆ ಏನಾಯಿತೆಂದು ನಮಗೆ ಗೊತ್ತಿರುವ ಹಳೆಯ ಜಗಳವೊಂದನ್ನು ತೆಗೆದುಕೊಳ್ಳೋಣ.

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಎರಡು ದೊಡ್ಡ ಕ್ಲಬ್‌ಗಳಿವೆ. ಕೆಂಪು ಅಂಗಿಯ ಲಿವರ್‌ಪೂಲ್ ಎಲ್ಲರಿಗೂ ಗೊತ್ತು. ನೀಲಿ ಅಂಗಿಯದು ಎವರ್ಟನ್. 2013ರ ಜನವರಿಯಲ್ಲಿ ಎವರ್ಟನ್ ತಂಡ ಬಾರ್ನ್‌ಸ್ಲಿ ಎಂಬ ಸಣ್ಣ ಕ್ಲಬ್‌ನಿಂದ ಜಾನ್ ಸ್ಟೋನ್ಸ್ ಎಂಬ 18ರ ಹುಡುಗನನ್ನು ಕೊಂಡಿತು. ಮೇಲಿನ ಹುದ್ದರಿ ಇಲ್ಲದ, ತೆಳ್ಳಗಿನ, ಚೆಂಡು ಕಾಲಿಗೆ ಬಂದರೆ ಗಾಬರಿಯಾಗದ ಸೆಂಟರ್ ಬ್ಯಾಕ್. ಅಂದರೆ ಗೋಲಿಯ ಮುಂದೆ ನಟ್ಟನಡುವೆ ನಿಂತು ಕಾಯುವವನು. 2014ರ ಮೇ ತಿಂಗಳಿಗೆ ಇಂಗ್ಲೆಂಡ್ ತಂಡದಲ್ಲೇ ಆಡಿಬಿಟ್ಟ. 2015ರ ಬೇಸಿಗೆಯಲ್ಲಿ ಚೆಲ್ಸಿ ಮೇಲಿಂದ ಮೇಲೆ ದುಡ್ಡು ಏರಿಸಿ ಕೇಳಿತು, ಹುಡುಗ ತಾನೇ ಹೋಗುತ್ತೇನೆಂದು ಅರ್ಜಿ ಕೊಟ್ಟ, ಎವರ್ಟನ್ ಕೊಡಲಿಲ್ಲ. ಆ ಸೆಪ್ಟೆಂಬರಿನಲ್ಲಿ ಅದೇ ಚೆಲ್ಸಿಯನ್ನು ತವರಿನಲ್ಲಿ 3-1ರಿಂದ ಸೋಲಿಸಿದಾಗ ಅಭಿಮಾನಿಗಳು ಹಾಡಿದ್ದೇ ಹಾಡಿದ್ದು. ಬೀಟಲ್ಸ್ ಹುಟ್ಟಿದ ಊರಲ್ಲವೇ! ಅವರದೇ ಒಂದು ಹಳೆಯ ಧಾಟಿಗೆ, ದುಡ್ಡು ಕೊಟ್ಟರೂ ನಮ್ಮ ಸ್ಟೋನ್ಸ್ ಸಿಗುವುದಿಲ್ಲ ಎಂಬರ್ಥದ ಸಾಲು ಕಟ್ಟಿದ್ದರು.

ನಾಲ್ಕೇ ತಿಂಗಳು. ಡಿಸೆಂಬರ್ 28ರಂದು ಸ್ಟೋಕ್ ಸಿಟಿ ವಿರುದ್ಧ ತವರಿನಲ್ಲೇ ಸ್ಕೋರು 3-3 ಇದ್ದಾಗ, ಪಂದ್ಯದ ಕಟ್ಟಕಡೆಯ ಗಳಿಗೆಯಲ್ಲಿ ಸ್ಟೋನ್ಸ್ ಪೆನಾಲ್ಟಿ ಬಿಟ್ಟುಕೊಟ್ಟ. ಎವರ್ಟನ್ 3-4ರಿಂದ ಸೋತಿತು. ಆರು ದಿನ ಕಳೆದು, 2016ರ ಜನವರಿ 3ರಂದು ಟಾಟನ್‌ಹ್ಯಾಮ್ ಬಂತು. 1-1ರಲ್ಲಿ ಮುಗಿದ ಆ ಪಂದ್ಯದಲ್ಲಿ ಸ್ಟೋನ್ಸ್ ಚೆಂಡನ್ನು ತನ್ನದೇ ಪೆನಾಲ್ಟಿ ಬಾಕ್ಸ್‌ನೊಳಗೆ ಇಟ್ಟುಕೊಂಡು, ಒದೆಯುವ ಹಾಗೆ ಕಾಲೆತ್ತಿ, ಒದೆಯದೆ ಹಿಂದಕ್ಕೆ ಎಳೆದು ಸರ್ರನೆ ತಿರುಗಿದ. 1974ರ ವಿಶ್ವಕಪ್‌ನಲ್ಲಿ ಹಾಲೆಂಡಿನ ಯೋಹಾನ್ ಕ್ರಾಯಫ್ ಮಾಡಿ ತೋರಿಸಿದ ತಿರುವು ಅದು. ಕ್ರಾಯಫ್ ಮಾಡಿದ್ದು ಎದುರಾಳಿಯ ಗೋಲಿನ ಹತ್ತಿರ, ಈ ಪುಣ್ಯಾತ್ಮ ಮಾಡಿದ್ದು ಸ್ವಂತ ಗೋಲಿನ ಮುಂದೆ! ಗ್ಯಾಲರಿಯಿಂದ ‘ಅಯ್ಯೋ’ ಎಂಬ ನರಳಾಟ ಎದ್ದಿತು. ಸ್ಟೋನ್ಸ್ ಎರಡೂ ಕೈ ಕೆಳಮುಖ ಮಾಡಿ, ‘ಸಮಾಧಾನ, ಸಮಾಧಾನ’ ಎಂದು ಜನರಿಗೆ ಸನ್ನೆ ಮಾಡಿದ.

21ರ ಹುಡುಗ 39 ಸಾವಿರ ಜನ ಹಿಡಿಸುವ ಮೈದಾನಕ್ಕೆ ಸಮಾಧಾನ ಹೇಳುವುದೆಂದರೆ! ಗುಡಿಸನ್ ಪಾರ್ಕ್ 1892ರ ಮೈದಾನ. ಗ್ಯಾಲರಿ ಆಟಗಾರನ ಬೆನ್ನಿಗೇ ತಾಗಿಕೊಂಡಂತಿದೆ, ಮೊದಲ ಸಾಲಿನವರು ಗೊಣಗಿದ್ದೂ ಆಡುವವನ ಕಿವಿಗೆ ಬೀಳುತ್ತದೆ. ಬೆಂಗಳೂರಿನ ಕಂಠೀರವದಲ್ಲಿ ಅಥ್ಲೆಟಿಕ್ಸ್ ಟ್ರ್ಯಾಕಿನ ಆಚೆ ಕೂತು ಫುಟ್‌ಬಾಲ್ ನೋಡಿದ ನಮಗೆ ಆ ಹತ್ತಿರ ಅಂದಾಜಾಗುವುದು ಕಷ್ಟ. ಅವನ ಕೈಸನ್ನೆ ಧೈರ್ಯವೋ ಕೊಬ್ಬೋ ಎಂಬ ವಾದ ಆ ಚಳಿಗಾಲವೆಲ್ಲ ನಡೆಯಿತು.

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರೋಣ.

ಡಿಫೆಂಡರ್‌ನನ್ನು ವಿಕೆಟ್ ಕೀಪರ್‌ಗೆ ಹೋಲಿಸಿ ನೋಡಿ. ದಿನವಿಡೀ ನೂರಾರು ಚೆಂಡು ಹಿಡಿದವನ ಹೆಸರು ಯಾರೂ ಎತ್ತುವುದಿಲ್ಲ, ಒಂದು ಕ್ಯಾಚ್ ಬಿಟ್ಟರೆ ರಾತ್ರಿ ಹೈಲೈಟ್ಸ್‌ನಲ್ಲಿ ಅದೊಂದೇ. ಡಿಫೆಂಡರ್‌ನ ಪಾಡು ಇದಕ್ಕಿಂತಲೂ ಕಷ್ಟ. ಯಾಕೆಂದರೆ ಅವನ ಒಳ್ಳೆಯ ಕೆಲಸದಲ್ಲಿ ಹೆಚ್ಚಿನದು ‘ನಡೆಯದೇ ಹೋದ’ ಸಂಗತಿ. ಎರಡು ಹೆಜ್ಜೆ ಎಡಕ್ಕೆ ನಿಂತಿದ್ದರಿಂದ ಎದುರಾಳಿ ಆ ಕಡೆ ಪಾಸ್ ಕೊಡಲೇ ಇಲ್ಲ. ಒಂದು ಕ್ಷಣ ಮೊದಲೇ ಮುಂದೆ ಬಂದಿದ್ದರಿಂದ ಸ್ಟ್ರೈಕರ್ ಆಫ್‌ಸೈಡ್ ಆದ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತಿರುತ್ತದೆ, ಇದೊಂದೂ ಟಿ.ವಿ.ಯಲ್ಲಿ ಕಾಣುವುದಿಲ್ಲ. ಜಾರಿ ಬಿದ್ದು ಮಾಡುವ ಟ್ಯಾಕಲ್ ನೋಡಿ ನಾವು ಚಪ್ಪಾಳೆ ಹೊಡೆಯುತ್ತೇವೆ. ಎಷ್ಟೋ ಸಲ ಅದು ಮೊದಲು ನಿಂತಲ್ಲಿ ತಪ್ಪಿದ್ದನ್ನು ಆಮೇಲೆ ಸರಿಪಡಿಸುವ ಪರದಾಟ.

ಹಾಗಾದರೆ ಸ್ಟೋನ್ಸ್ ಗೋಲಿನ ಮುಂದೆ ಚೆಂಡು ಇಟ್ಟುಕೊಂಡು ಆಟ ಆಡಿದ್ದು ಯಾಕೆ? ಅದಕ್ಕೂ ಒಂದು ಲೆಕ್ಕ ಇದೆ. ಚೆಂಡು ಬಂದ ತಕ್ಷಣ ಉದ್ದಕ್ಕೆ ಒದ್ದರೆ ಆ ಕ್ಷಣಕ್ಕೆ ಅಪಾಯ ದೂರವಾಗುತ್ತದೆ, ಆದರೆ ಬಹಳ ಸಲ ಅದು ಎದುರಾಳಿಯ ಕಾಲಿಗೇ ಬಿದ್ದು ಅರ್ಧ ನಿಮಿಷದಲ್ಲಿ ಮರಳಿ ಬರುತ್ತದೆ. ಅದರ ಬದಲು ಡಿಫೆಂಡರ್ ಚೆಂಡು ಇಟ್ಟುಕೊಂಡು ಕಾದರೆ, ಕಿತ್ತುಕೊಳ್ಳಲು ಎದುರಾಳಿಗಳು ಇಬ್ಬರು ಮುಂದೆ ಬರುತ್ತಾರೆ. ಅವರು ಬಿಟ್ಟುಬಂದ ಜಾಗದಲ್ಲಿ ನಮ್ಮವನೊಬ್ಬ ಬಿಡುವಾಗಿ ನಿಂತಿರುತ್ತಾನೆ. ಅವನಿಗೆ ಚೆಂಡು ತಲುಪಿದರೆ ಎದುರಾಳಿಯ ಇಬ್ಬರು ಆಟದಿಂದಲೇ ಹೊರಗೆ. ಎವರ್ಟನ್ ಮ್ಯಾನೇಜರ್ ರೊಬೆರ್ಟೊ ಮಾರ್ಟಿನೆಜ್ ಹೇಳಿಕೊಟ್ಟದ್ದು ಈ ಆಟವನ್ನೇ. 2013-14ರಲ್ಲಿ ಇದೇ ಆಟ ಆಡಿ ತಂಡ 72 ಅಂಕ ಗಳಿಸಿ ಐದನೇ ಸ್ಥಾನಕ್ಕೆ ಬಂದಿತ್ತು. ಆಗ ಇದೇ ಜನ ಭೇಷ್ ಅಂದಿದ್ದರು.

ಆದರೆ ಈ ಲೆಕ್ಕ ಕೂಡಿಬರಬೇಕಾದರೆ ಪಾಸ್ ತೆಗೆದುಕೊಳ್ಳಲು ಮುಂದೆ ಒಬ್ಬ ಇರಬೇಕು, ಚೆಂಡು ತಪ್ಪಿದರೆ ಹಿಂದೆ ಒಬ್ಬ ಇರಬೇಕು. 2015-16ರ ಎವರ್ಟನ್‌ನಲ್ಲಿ ಏನಿತ್ತು ನೋಡಿ. ಅನುಭವಿ ನಾಯಕ ಫಿಲ್ ಜಾಗಿಯೆಲ್ಕಾ ಅಕ್ಟೋಬರಿನಲ್ಲಿ ಆರ್ಸೆನಲ್ ವಿರುದ್ಧ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಗೆ ಕೂತ. ಪಕ್ಕದಲ್ಲಿ ನಿಂತು ‘ಈಗ ಒದ್ದುಬಿಡೋ, ಈಗ ನಿಲ್ಲು’ ಎಂದು ಹೇಳಬೇಕಾದವನೇ ಇಲ್ಲ. ಬದಲಿಗೆ ಬಂದ ರಾಮಿರೊ ಫ್ಯೂನೆಸ್ ಮೋರಿ ಅರ್ಜೆಂಟೀನಾದಿಂದ ಆ ಸೆಪ್ಟೆಂಬರಿನಲ್ಲಷ್ಟೇ ಇಳಿದವನು. ಎಡ ಬದಿಯ ಲೇಯ್ಟನ್ ಬೇನ್ಸ್ ಗಾಯಗೊಂಡಿದ್ದರಿಂದ ಶರತ್ಕಾಲದ ತಿಂಗಳುಗಳಲ್ಲಿ ಅಲ್ಲಿ ಆಡಿದ್ದು 19ರ ಬ್ರೆಂಡನ್ ಗ್ಯಾಲೊವೇ. ಗೋಲಿ ಟಿಮ್ ಹೊವರ್ಡ್‌ಗೆ 36 ವಯಸ್ಸು, ಅವನಿಗೂ ಗ್ಯಾಲರಿಯಿಂದ ಬೈಗುಳ ತಪ್ಪಿರಲಿಲ್ಲ. ಎರಡೂ ಬದಿಯ ಫುಲ್‌ಬ್ಯಾಕ್‌ಗಳು ದಾಳಿಗೆಂದು ಮೇಲೆ ಹೋಗಿರುತ್ತಿದ್ದರು. ಮಿಡ್‌ಫೀಲ್ಡ್‌ನಲ್ಲಿ ಚೆಂಡು ಕೈಬಿಟ್ಟರೆ ಎದುರಾಳಿ ನೇರ ಓಡಿಬಂದು ನಿಲ್ಲುತ್ತಿದ್ದುದು ಸ್ಟೋನ್ಸ್ ಮುಂದೆ.

ಅಂಕಿ-ಅಂಶ ಇದನ್ನೇ ಹೇಳುತ್ತದೆ. ಆ ಸೀಸನ್‌ನಲ್ಲಿ ಎವರ್ಟನ್ 59 ಗೋಲ್ ಹೊಡೆದು 55 ಬಿಟ್ಟುಕೊಟ್ಟಿತು. ಲೀಗ್‌ನಲ್ಲಿ 18 ಗೋಲ್ ಹೊಡೆದ ರೊಮೆಲು ಲುಕಾಕು ಇದ್ದ ತಂಡ ಮುಗಿಸಿದ್ದು 47 ಅಂಕದೊಂದಿಗೆ 11ನೇ ಸ್ಥಾನದಲ್ಲಿ. ತವರಿನ 19 ಪಂದ್ಯಗಳಲ್ಲಿ ಗೆದ್ದದ್ದು 6, ಸೋತದ್ದು 8. ಮಾರ್ಚ್‌ನಲ್ಲಿ ವೆಸ್ಟ್ ಹ್ಯಾಮ್ ಎದುರು 2-0 ಮುಂದಿದ್ದು 2-3ರಿಂದ ಸೋತದ್ದು ಬೇರೆ! ಹಣ ಕೊಟ್ಟು, ಚಳಿಯಲ್ಲಿ ಕೂತು, ಹದಿನೈದು ದಿನಕ್ಕೊಮ್ಮೆ ಇದನ್ನು ನೋಡಿದವರು ನರಳಿದರೆ ನಾನಂತೂ ತಪ್ಪು ಹೇಳಲಾರೆ. ಮೇ 12ರಂದು ಮಾರ್ಟಿನೆಜ್ ಕೆಲಸ ಹೋಯಿತು. ಸ್ಟೋನ್ಸ್ ಆ ವರ್ಷದ ಯೂರೋ ಟೂರ್ನಿಗೆ ಇಂಗ್ಲೆಂಡ್ ತಂಡದ ಜೊತೆ ಹೋಗಿ ಒಂದು ನಿಮಿಷವೂ ಆಡದೆ ವಾಪಸ್ ಬಂದ. ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ನಾಲ್ಕೂಮುಕ್ಕಾಲು ಕೋಟಿ ಪೌಂಡ್ ಕೊಟ್ಟು ಅವನನ್ನು ಕೊಂಡಿತು.

ಇಲ್ಲಿ ಬೈದವರ ಕೈಯಲ್ಲಿ ಒಂದು ತುರುಪು ಇದೆ, ಅದನ್ನು ಮುಚ್ಚಿಡಬಾರದು. ಸ್ಟೋನ್ಸ್ ಹೋದ ಮರುವರ್ಷ ಎವರ್ಟನ್ ಬಿಟ್ಟ ಗೋಲು 55ರಿಂದ 44ಕ್ಕೆ ಇಳಿಯಿತು, ತಂಡ ಏಳನೇ ಸ್ಥಾನಕ್ಕೆ ಏರಿತು. “ನೋಡಿದಿರಾ, ಅವನೇ ಶನಿ” ಅನ್ನಬಹುದು. ಆದರೆ ಬದಲಾದದ್ದು ಅವನೊಬ್ಬನೇ ಅಲ್ಲ. ಹೊಸ ಮ್ಯಾನೇಜರ್ ರೊನಾಲ್ಡ್ ಕೂಮನ್ ಬಂದ. ಸ್ಟೋನ್ಸ್ ಜಾಗಕ್ಕೆ ಮೂವತ್ತು ದಾಟಿದ ಆಶ್ಲಿ ವಿಲಿಯಮ್ಸ್ ಬಂದ. ಎಲ್ಲಕ್ಕಿಂತ ಮುಖ್ಯವಾಗಿ, ಡಿಫೆನ್ಸ್‌ನ ಮುಂದೆ ನಿಂತು ಚೆಂಡು ಕಿತ್ತುಕೊಳ್ಳುವುದನ್ನೇ ಕಸುಬು ಮಾಡಿಕೊಂಡ ಇದ್ರಿಸ್ಸಾ ಗೇಯ್ ಬಂದ. ನನ್ನ ಎಣಿಕೆಯಲ್ಲಿ ಆ 11 ಗೋಲಿನ ದೊಡ್ಡ ಪಾಲು ಗೇಯ್‌ನದು. ಹಿಂದಿನ ವರ್ಷ ಅಂಥವನೊಬ್ಬ ಸ್ಟೋನ್ಸ್ ಮುಂದೆ ಇದ್ದಿದ್ದರೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಹಾಗೆಂದು ಹುಡುಗ ನಿರಪರಾಧಿಯೂ ಅಲ್ಲ. ಸಿಟಿಗೆ ಹೋದ ಮೇಲೂ ತಪ್ಪು ಮಾಡಿದ, ಅಲ್ಲೂ ಬೈಸಿಕೊಂಡ. ಮ್ಯಾನೇಜರ್ ಪೆಪ್ ಗ್ವಾರ್ಡಿಯೋಲಾ ಪತ್ರಕರ್ತರ ಮುಂದೆ ಅವನ ಪರ ನಿಂತ. ಚೆಂಡು ಇಟ್ಟುಕೊಂಡು ಆಡುವ ಡಿಫೆಂಡರ್‌ಗೆ ಎದೆಗಾರಿಕೆ ಬೇಕು ಎಂಬುದು ಅವನ ವಾದ. 2019ರ ಜೂನ್‌ನಲ್ಲಿ ಹಾಲೆಂಡ್ ವಿರುದ್ಧ ನೇಷನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಸೋತದ್ದಕ್ಕೆ ಸ್ಟೋನ್ಸ್ ಕಾಲಿನಿಂದ ಜಾರಿದ ಚೆಂಡೂ ಕಾರಣ. ಗಾಯ, ಬೆಂಚು, ಮತ್ತೆ ಗಾಯ. 2020-21ರಲ್ಲಿ ರೂಬೆನ್ ಡಿಯಾಸ್ ಎಂಬ ಗಟ್ಟಿ ಜೊತೆಗಾರ ಪಕ್ಕಕ್ಕೆ ಬಂದ ಮೇಲೆ ಅವನ ಆಟವೇ ಬೇರೆಯಾಯಿತು. ಎಂಟು ತಿಂಗಳ ಹಿಂದಷ್ಟೇ ಮುಗಿದುಹೋದ ಎನ್ನಿಸಿಕೊಂಡವನು ಲೀಗ್ ಗೆದ್ದ ತಂಡದ ಕಂಬವಾದ. ಸೆಂಟರ್ ಬ್ಯಾಕ್‌ನ ಫಾರ್ಮ್ ಅರ್ಧ ಪಕ್ಕದವನ ಫಾರ್ಮ್ ಅನ್ನುವುದು ಇದಕ್ಕೇ.

ಒಂದು ಚಿತ್ರ ಮಾತ್ರ ನನ್ನ ಕಣ್ಣಲ್ಲಿ ಹಾಗೇ ಇದೆ. 2019ರ ಜನವರಿ 3. ಗುಡಿಸನ್‌ನಲ್ಲಿ ಜನ ನರಳಿದ ದಿನಕ್ಕೆ ಸರಿಯಾಗಿ ಮೂರು ವರ್ಷ. ಸಿಟಿಗೆ ಎದುರಾಳಿ ಲಿವರ್‌ಪೂಲ್. ಸ್ಟೋನ್ಸ್ ಒದ್ದ ಚೆಂಡು ಸ್ವಂತ ಗೋಲಿಗೇ ಬಡಿದು, ಪುಟಿದು, ಗೋಲಿನೊಳಕ್ಕೆ ಹೊರಳುತ್ತಿತ್ತು. ಅವನೇ ಹಾರಿಹೋಗಿ ಹೊರಗೆ ಒದ್ದ. ಯಂತ್ರ ಅಳೆದು ಹೇಳಿತು: ಚೆಂಡು ಪೂರ್ತಿ ಗೆರೆ ದಾಟಲು ಇನ್ನು ಸುಮಾರು 11 ಮಿಲಿಮೀಟರ್ ಬಾಕಿ ಇತ್ತು. ಸಿಟಿ 2-1ರಿಂದ ಗೆದ್ದಿತು. ಆ ವರ್ಷ ಸಿಟಿ 98 ಅಂಕ ಗಳಿಸಿ ಚಾಂಪಿಯನ್ ಆಯಿತು, ಲಿವರ್‌ಪೂಲ್‌ಗೆ 97. ತಪ್ಪು ಮಾಡಿದವನೂ ಅವನೇ, ಉಳಿಸಿದವನೂ ಅವನೇ! ಮುಂದೆ 2023ರ ಜೂನ್ 10ರಂದು ಇಸ್ತಾಂಬುಲ್‌ನಲ್ಲಿ ಇಂಟರ್ ಮಿಲಾನ್ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಸ್ಟೋನ್ಸ್ ಆಡಿದ್ದು ಡಿಫೆನ್ಸ್ ಬಿಟ್ಟು ಮುಂದೆ, ಮಿಡ್‌ಫೀಲ್ಡ್‌ನಲ್ಲಿ, ಎದುರಾಳಿಗಳ ನಡುವೆ ಚೆಂಡು ಇಟ್ಟುಕೊಂಡು ತಿರುಗುತ್ತಾ. ಗುಡಿಸನ್‌ನಲ್ಲಿ ಬೈಸಿಕೊಂಡ ಅದೇ ತಿರುವು. ಆಗ ಅವನಿಗೆ 29. ಸಿಟಿ 1-0ಯಿಂದ ಗೆದ್ದು ಒಂದೇ ವರ್ಷ ಮೂರು ಕಪ್ ಹೊತ್ತಿತು.

ಎವರ್ಟನ್ ಪುರುಷರ ತಂಡ 2025ರ ಮೇ 18ರಂದು ಗುಡಿಸನ್‌ನಲ್ಲಿ ಕೊನೆಯ ಪಂದ್ಯ ಆಡಿ ಹೊಸ ಸ್ಟೇಡಿಯಂಗೆ ಹೋಯಿತು.

ಪಿ.ಜಿ. ರೂಮಿನ ಗೆಳೆಯರೇ, ನಿಮ್ಮ ಹುಡುಗ ಇನ್ನೊಬ್ಬ ಸ್ಟೋನ್ಸ್ ಆಗುತ್ತಾನೆಂದು ನಾನು ಹೇಳುತ್ತಿಲ್ಲ. ಇಪ್ಪತ್ತೊಂದರಲ್ಲಿ ಬೈಸಿಕೊಂಡ ಎಲ್ಲರೂ ಕಪ್ ಎತ್ತುವುದಿಲ್ಲ. ಆದರೆ ಮುಂದಿನ ಶನಿವಾರ ಒಂದು ಕೆಲಸ ಮಾಡಿ. ಒಂದು ಹತ್ತು ನಿಮಿಷ ಚೆಂಡಿನ ಮೇಲಿನ ಕಣ್ಣು ತೆಗೆದು ಅವನೊಬ್ಬನನ್ನೇ ನೋಡಿ, ಕ್ಯಾಮೆರಾ ಬಿಟ್ಟುಕೊಟ್ಟಷ್ಟು. ಚೆಂಡು ಆಚೆ ತುದಿಯಲ್ಲಿದ್ದಾಗ ಅವನು ಎಲ್ಲಿ ನಿಲ್ಲುತ್ತಾನೆ? ತಲೆ ತಿರುಗಿಸಿ ಹಿಂದೆ ಯಾರಿದ್ದಾರೆಂದು ನೋಡುತ್ತಾನೋ? ಪಕ್ಕದವನು ಅವನ ಜೊತೆ ಮಾತಾಡುತ್ತಾನೋ? ಅವನು ಚೆಂಡು ಹಿಡಿದಾಗ ಪಾಸ್ ಬೇಡಿ ಹತ್ತಿರ ಬರುವವರು ಎಷ್ಟು ಜನ, ಬೆನ್ನು ತೋರಿಸಿ ದೂರ ಓಡುವವರು ಎಷ್ಟು ಜನ? ಗೋಲ್ ಬಿದ್ದರೆ ರೀಪ್ಲೇಯನ್ನು ಗೋಲಿನಿಂದ ಹಿಂದಕ್ಕೆ ನೋಡಿ, ಚೆಂಡು ಮೊದಲು ಯಾರ ಕಾಲಿನಿಂದ ತಪ್ಪಿತು ಅಂತ.

ಚಳಿಗಾಲದಲ್ಲಿ ಅಲ್ಲಿಯ ಮಧ್ಯಾಹ್ನ ಮೂರರ ಪಂದ್ಯ ನಮ್ಮಲ್ಲಿ ರಾತ್ರಿ ಎಂಟೂವರೆಗೆ ಶುರು. ಊಟ ಮೊದಲೇ ಮುಗಿಸಿಕೊಳ್ಳಿ. ನೋಡಿದ ಮೇಲೆ ಫೋನ್ ಮಾಡಿ, ನಿಮ್ಮ ರೂಮಿನಲ್ಲಿ ಎಷ್ಟು ಓಟು ಯಾವ ಕಡೆ ಬಿತ್ತು ಅಂತ ಹೇಳಿ. ಜೊತೆಗೆ ಒಂದು ಹಾಡೂ ಕೇಳಿ, ಹಾಕುತ್ತೇವೆ.